ಕವಡಿ

ನಮ್ಮಪ್ಪನ ಹೆಗಲ ಮ್ಯಾಲಿನ ಟಾವೆಲ್ಲು
ಮುಖ ಒರಸಲಿಕ್ಕಲ್ಲ.
ಅದರ ಕೆಳಗ ಎರಡು ಕೈ ಕೂಡಿದರ
ಒಂದು ಕುದುರಿ ಮಾಲಕರನ್ನ ಬದಲಸ್ತಿತ್ತು.
ಬೆರಳು ಹಿಡಿದರ ಸಾವಿರ,
ಗಿಣ್ಣು ಒತ್ತಿದರ ಅದರ ಅರ್ಧ,
ಅಂಗೈ ಕೆರೆದರ, ಸಾಕು ಮಾರಾಯಾ, ಮನ್ಯಾಗ ಬೈತಾಳ.
ಎದುರಿಗೆ ನಿಂತವರಿಗೆ ಕಾಣೋದು
ಅರಿವ್ಯಾಗ ಇಲಿ ಹೊಕ್ಕಂಗ, ಅಷ್ಟ.

ಬೀದರಿನ ಶಾಹಗಂಜ್ ಕಮಾನಿನ ಆಚಿ
ನಾಲಬಂದನ ಅಂಗಳ. ಮಾಘದ ಬಿಸಿಲು.
ಕಮಠಾಣದ ವೈಜಿನಾಥ ಹಗ್ಗ ಹಿಡಕೊಂಡು ನಿಂತಿದ್ದ.
ಹುಟ್ಟಿದಾಗ ಕವಡಿಯಂಥ ಬಿಳುಪಂತ, ಅದಕ್ಕ ಆ ಹೆಸರು.
"ಹಂಗಾದರ ಕಿಮ್ಮತ್ತು ಹೆಸರಿನಾಗೇ ಅದಲ್ಲ" ಅಂತ ಅಪ್ಪ ನಕ್ಕ,
ತುಟಿ ಎತ್ತಿ ನೋಡಿದ.
"ನೀ ಎಂಟು ವರ್ಷ ಅಂತಿ, ಹಲ್ಲು ಹನ್ನೊಂದು ಅನ್ನಲತಾವ."
"ಹಲ್ಲಿನ ಮಾತು ಏನು ಕೇಳ್ತೀರಿ, ಕಬ್ಬು ತಿಂದು ಸವದಾವ."

ಕೊಳ್ಳಾವ ಲಾಡ್ಲೇಸಾಬ, ಮದುವಿ ಬ್ಯಾಂಡಿನ ಮಾಲಕ.
ರೊಕ್ಕ ಇದ್ದಾವಂತ ತಿಳೀಬಾರದಂತ
ಜರಿ ಕೋಟು ಮನ್ಯಾಗ ಬಿಟ್ಟು ಬಂದಿದ್ದ,
ಬಿಳಿ ಬೂಟು ಬಿಡೋದು ಮರತಿದ್ದ.
ಮೂರು ಸುತ್ತು ಹಾಕಿದ.
ಕೊರಳಾಗ ದೇವಮಣಿ ಸುಳಿ: ಎರಡು ಬೆರಳು ಏರಿತು.
ಬೆನ್ನಿಗೆ ಹಳೇ ಜೀನಿನ ಗಾಯ: ಒಂದು ಇಳೀತು.
ನಾಲಬಂದ ಹಿಂದಿನ ಗೊರಸು ಎತ್ತಿ ಬಡದ,
ಸುಮ್ಮನ ಕೆಮ್ಮಿದ. ಒಂದು ಗಿಣ್ಣು.
ಬಿಳಿ ಹೌದು, ಹಾಲಿನ ಬಿಳಿ ಅಲ್ಲ,
ಸುಣ್ಣ ಹಳೇದಾದ ಗೋಡಿ ಬಿಳಿ.
ಇಷ್ಟರಾಗ ಬೆಲಿ ಕುದುರಿತು ಅಂತ ನಾ ತಿಳದಿದ್ದೆ.

ಆವಾಗ ಕಮಾನಿನಡಿ ಟೆಂಪೋದಿಂದ
ತಗಡಿನ ಪತ್ರಾ ಕಟ್ಟು ಜಾರಿ ಬಿತ್ತು.
ಪಾರಿವಾಳ ಎದ್ದವು. ಕಟ್ಟಿದ್ದ ಹೇಸರಗತ್ತಿ
ಗೂಟ ಕಿತ್ತಗೊಂಡು ಓಡಿತು.
ನನ್ನ ಕೈಯಾಗಿನ ಚಹಾ ಲಂಗದ ಮ್ಯಾಲ.
ಕವಡಿ ಕಿವಿ ಅಲುಗಿಸಲಿಲ್ಲ.
ಹುಲ್ಲಿನ ಒಂದು ಎಳಿ
ಸಾವಕಾಶ ಬಾಯೊಳಗ ಎಳಕೊಂಡಿತು.

ವೈಜಿನಾಥನ ಮಾರಿ ಬೂದಿ ಆತು.
ಕಿವುಡ ಕುದುರಿಗೆ ಯಾರು ರೊಕ್ಕ ಬಿಚ್ಚತಾರ?
"ಭಾಳ ಶಾಂತ ಸ್ವಭಾವ ರೀ" ಅಂದ, ಅವಸರಲೇ.
ಲಾಡ್ಲೇಸಾಬ ಆಕಳಿಸಿದ.
ಅಷ್ಟು ದೊಡ್ಡ ಆಕಳಿಕಿ ನಾ ನೋಡಿರಲಿಲ್ಲ.
ಡೋಲು, ಕ್ಲಾರಿನೆಟ್ಟು, ಲಡಿ ಪಟಾಕಿ, ಜನರೇಟರು,
ಹೋದ ವರ್ಷ ಮದುಮಗನ್ನ ಸೆಹರಾ ಸಮೇತ
ಗಟಾರಕ್ಕ ಕೆಡವಿದ ಅವನ ಹಳೇ ಕುದುರಿ,
ಎಲ್ಲಾ ಆ ಆಕಳಿಕಿಯೊಳಗ ಹೋತು.
"ಮುದಿ ಅದ, ಮಂದ ಅದ" ಅಂದ. "ಒಂದು ಬೆರಳು ಇಳಸು."

ಅಪ್ಪ ರಾತ್ರಿ ರೊಟ್ಟಿ ಮುರಕೋತ ಹೇಳಿದ:
ಮಾರಾವನ ಕೈ ಬೆವತಿತ್ತು, ಸಿಕ್ಕಷ್ಟು ಸಾಕಂತ.
ಕೊಳ್ಳಾವನ ಕೈ ನಡಗತಿತ್ತು, ಎಲ್ಲಿ ತಪ್ಪತದೋ ಅಂತ.
ಇಬ್ಬರೂ ಮುಚ್ಚಿಟ್ಟಿದ್ದು ಒಂದ.
"ನೀ ಯಾಕ ಹೇಳಲಿಲ್ಲ?"
"ದಲಾಲಿಗೆ ಕೈ ಇರತಾವ, ಬಾಯಿ ಇರಂಗಿಲ್ಲ."
ಎರಡೂ ಕಡಿ ಕಮಿಷನ್ನು ಗಾದಿ ಕೆಳಗಿಟ್ಟ.

ಅವ ಹೇಳದ ಬಿಟ್ಟದ್ದು ಒಂದಿತ್ತು.
ಹಗ್ಗ ಕೈ ಬದಲಾದ ಮ್ಯಾಲ
ವೈಜಿನಾಥ ಹತ್ತು ಹೆಜ್ಜಿ ಹೋಗಿ ನಿಂತ.
ಹೆಸರು ಹಿಡದು ಕರೀಲಿಲ್ಲ.
ಹಿಮ್ಮಡಿಲೇ ನೆಲಕ್ಕ ಎರಡು ಸಲ ಬಡದ.
ಕವಡಿ ಗೋಣು ತಿರುಗಿಸಿ ನೋಡಿತು.

ಅದೂ ಮಾರಾಟದಾಗ ಬಂತೋ ಇಲ್ಲೋ,
ಅದಕ್ಕೆಷ್ಟು ಬೆರಳು ಅಂತ
ಅಪ್ಪನ್ನ ಕೇಳಬೇಕಂತ ತಿರಗಿದೆ.
ಅವ ಟಾವೆಲ್ಲಿನಿಂದ
ಮುಖ ಒರಸಲತಿದ್ದ.