ಒದ್ದೆ ಸೀರೆ

ಮೊದಲು ಹನುಮಕ್ಕನನ್ನು ಕರೆಸಿದರು.
ಹೊಕ್ಕಳಿಗೆ ಹೆಬ್ಬೆರಳು ಒತ್ತಿ, ಮಿಡಿತ ಹುಡುಕಿ,
"ಬಟ್ಟಿ ಸರಿದೈತೆ ಕಣವ್ವ" ಅಂದಳು.
ನಾವು ಮಂಡಕ್ಕಿ ಭಟ್ಟಿಯವರು. ನಕ್ಕುಬಿಟ್ಟೆ.
ಮಾವನ ಕಾಲದಿಂದ ಇದೇ ಓಣಿಯಲ್ಲಿ
ಹೊಟ್ಟು ಉರಿಸಿ, ಕಾದ ಮರಳಲ್ಲಿ ಅಕ್ಕಿ ಅರಳಿಸುವ ನಮ್ಮ ಭಟ್ಟಿ
ಒಂದು ಗೇಣೂ ಸರಿದಿಲ್ಲ.
ನಕ್ಕಿದ್ದಕ್ಕೆ ಬಲಗಡೆ, ಕೆಳಗೆ, ಹಿಡಿದುಕೊಂಡಿತು.
ಬಕೆಟ್ಟಿಗೆ ಓಡಿದೆ.

ನಜೀರ್ ಅಂದ: ರಾತ್ರಿಯ ಮಿರ್ಚಿ.
ಮೆಡಿಕಲ್ ಶಾಪಿನ ಹುಡುಗ: ಗ್ಯಾಸು.
ನಾದಿನಿ: ಕಲ್ಲಿರಬೇಕು, ಬಾಳೆದಿಂಡಿನ ರಸ ಕುಡಿ.
ಅತ್ತೆ ಖಾತೂನ್‌ಬೀ ಏನೂ ಅನ್ನಲಿಲ್ಲ.
ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು,
ಬೆರಳು ಮಡಿಚಿ ದಿನ ಎಣಿಸಿದಳು,
ಸೆರಗಿನ ಗಂಟು ಬಿಚ್ಚಿ
ಹುಣಸೆಹಣ್ಣು ತರಿಸಿದಳು.

ಹನ್ನೊಂದು ವರ್ಷ.
ಓಣಿಗೆಲ್ಲ ಗೊತ್ತಾಗಲು ಅರ್ಧ ಗಂಟೆ.
ಹಾಲಮ್ಮ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ
ಗೋಡೆಯ ಮೇಲಿಂದ ಕೈ ಚಾಚಿದಳು.
ನಜೀರ್ ನನ್ನ ಕೈಯ ಜರಡಿ ಕಸಿದುಕೊಂಡ.

ನನಗೆ ಗೊತ್ತಿತ್ತು, ಸುಳ್ಳೇಕೆ ಹೇಳಲಿ?
ಖುಷಿಯ ವಾಂತಿ ಹೀಗೆ ಬೆವರಿಸುವುದಿಲ್ಲ,
ಮೊಣಕಾಲನ್ನು ಎದೆಯ ತನಕ ಎಳೆಯುವುದಿಲ್ಲ.
ಆದರೂ ಎರಡು ದಿನ ಹುಣಸೆ ಚೀಪಿದೆ.
ಆ ಮನೆಯಲ್ಲಿ ಮೊದಲ ಸಲ ನನಗೆ ಕುರ್ಚಿ ಹಾಕಿದ್ದರು.
ಯಾರು ತಾನೇ ಎದ್ದಾರು?

ಮೂರನೆಯ ರಾತ್ರಿ ಆಟೋ.
ರೈಲ್ವೆ ಗೇಟು ಬಿದ್ದಿತ್ತು, ಗೂಡ್ಸು ಹೋಗುತ್ತಿತ್ತು,
ಡಬ್ಬಿ ಎಣಿಸಿದೆ,
ನಲವತ್ತೊಂದಕ್ಕೆ ನಜೀರನ ಅಂಗಿಯ ಮೇಲೆಲ್ಲ.

ಡಾಕ್ಟರು ಕೇಳಿದ: ಮುಟ್ಟು ಯಾವಾಗ?
ಅತ್ತೆ ತಾರೀಖು ಹೇಳಿದಳು.
ನೋವು ಹೇಗೆ? ಚುಚ್ಚುತ್ತಾ, ಉರಿಯುತ್ತಾ?
ನಜೀರ್ ಹೇಳಿದ: ಬಹಳ.
ಆಗ ನಾನು ಹೇಳಿದೆ.
ಒದ್ದೆ ಸೀರೆ ಹಿಂಡಿದಂಗೆ ಸಾರ್,
ಇಬ್ಬರು ಎರಡು ತುದಿ ಹಿಡಕೊಂಡು.
ಅವನು ಚೀಟಿಯಲ್ಲಿ ಎರಡೇ ಪದ ಗೀಚಿದ.
ಅದರಲ್ಲಿ ಸೀರೆ ಇದ್ದಿರಲಾರದು.

ಬೆಳಿಗ್ಗೆ ಡಬ್ಬಿಯಲ್ಲಿ ಉಚ್ಚೆ ಕೊಟ್ಟೆ. ಪಟ್ಟಿಯಲ್ಲಿ ಒಂದೇ ಗೆರೆ.
ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು,
ಓರೆ ಮಾಡಿ, ಕನ್ನಡಕ ಒರೆಸಿ,
ಇನ್ನೊಂದು ಗೆರೆ ದಾರಿಯಲ್ಲಿದೆ ಎಂಬಂತೆ
ಕಾದಳು.
ಅವಳ ಮೇಲಿನ ಸಿಟ್ಟು ಅಲ್ಲೇ ಮುಗಿಯಿತು.

ಸ್ಕ್ಯಾನಿಂಗಿಗೆ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸಿದರು.
ಕಾಲಿಗೆ ಕಾಲು ಹೆಣೆದ ಆರು ಹೆಂಗಸರು,
ಯಾರೂ ಯಾರನ್ನೂ ನಗಿಸುವಂತಿಲ್ಲ.
ಒಳಗೆ ತಣ್ಣನೆಯ ಅಂಟು, ಕಪ್ಪು ಪರದೆ.
ಪರದೆಯ ಮುಂದಿದ್ದ ಡಾಕ್ಟರಮ್ಮ
"ಮೋಸಂಬಿಯಷ್ಟು ಗಡ್ಡೆ. ಅದರ ಭಾರಕ್ಕೆ
ಅಂಡಾಶಯ ಹೀಗೆ ತಿರುಚಿಕೊಂಡಿದೆ" ಎಂದು
ಎರಡೂ ಕೈ ಎತ್ತಿ
ಗಾಳಿಯಲ್ಲಿ ಒಂದು ಬಟ್ಟೆ ಹಿಂಡಿದಳು.

ಅದೇ! ಅದೇ ಅಲ್ಲವಾ ನಾನು ಹೇಳಿದ್ದು!
ಅಷ್ಟು ನೋವಿನಲ್ಲೂ
ಪರೀಕ್ಷೆ ಪಾಸಾದಂತೆ ಎದ್ದು ಕೂತೆ.

ತೆಗೆದರು. ಕಪ್ಪಾಗಿತ್ತಂತೆ.
"ಇನ್ನೊಂದು ಇದೆಯಲ್ಲಮ್ಮ" ಅಂದಳು ನರ್ಸು,
ಓಲೆ ಕಳೆದುಕೊಂಡವಳಿಗೆ ಹೇಳುವ ಹಾಗೆ.
ಹುಣಸೆಯ ಪೊಟ್ಟಣ ಇನ್ನೂ ಚೀಲದಲ್ಲಿತ್ತು.
ಅತ್ತೆ ಅದರಲ್ಲೇ ಸಾರು ಮಾಡಿ ತಂದಳು.

ಪಕ್ಕದ ಮಂಚಕ್ಕೆ ನಿನ್ನೆ ಒಬ್ಬಳು ಹುಡುಗಿ ಬಂದಿದ್ದಾಳೆ,
ಜಗಳೂರಿನ ಕಡೆಯ ತಿಪ್ಪಕ್ಕ.
ಮುದುರಿಕೊಂಡು ಗೋಡೆಗೆ ಮುಖ ಮಾಡಿದ್ದಾಳೆ.
ತಾಯಿ ಅನ್ನುತ್ತಾಳೆ ಪಿತ್ತ, ಅಣ್ಣ ಅನ್ನುತ್ತಾನೆ ನಾಟಕ.
ಹೊಲಿಗೆ ಹಿಡಿದುಕೊಂಡೇ ಅತ್ತ ಹೊರಳಿ ಕೇಳಿದೆ,
ಹೆಂಗಾಗತೈತೆ, ನೀನೇ ಹೇಳು.
ಅವಳು ಬಾಯಿ ತೆರೆದಳು, ಮುಚ್ಚಿದಳು.
ಯೋಚಿಸುತ್ತಿದ್ದಾಳೆ.
ತಾಯಿ ಉತ್ತರ ಕೊಡಲು ಬಂದಳು.
ತಡಿಯವ್ವ, ಅಂದೆ.