ಹರಿದ ಬಲೆ

ಕೋಡಿಬಾಗದ ಈ ನಾಲ್ಕು ಮಾರು ಮರಳಿಗೆ
ಎರಡು ವರ್ಷ ದರಗು, ಸಗಣಿ, ಮೀನು ತೊಳೆದ ನೀರು
ತಿನ್ನಿಸಿದೆ. ಮೊದಲು ಬಂದದ್ದು ಏಡಿ.

ಶಿವರಾತ್ರಿ ದಾಟಿದರೆ ಬಾವಿ ಸವಳು,
ಬೆಂಡೆಯ ಎಲೆಯಂಚು ಸುಡುತ್ತದೆ. ಗೆಣಸು ಹೆಗ್ಗಣದ ಪಾಲು.
ಹರಿವೆ ಮಾತ್ರ ಯಾರನ್ನೂ ಕೇಳದೆ
ಬಚ್ಚಲ ನೀರಿನ ಬದಿಗೆ ಕೆಂಪಗೆ ನಿಂತಿದೆ;
ಬಿತ್ತಿದ್ದು ನಾನಲ್ಲ.

ಅಲಸಂದೆ ಹಬ್ಬಲೆಂದು ಪಕ್ಕದ ಮನೆಯ ಗಣಬಾ
ಹರಿದ ಬಲೆ ಕೊಟ್ಟ:
‘ಬಂಗಡೆ ಹಿಡಿದದ್ದು, ಬಳ್ಳಿ ಹಿಡಿಯೂದಿಲ್ವಾ?’
ಹಿಡಿಯಿತು. ಹೂವೂ ಬಂತು, ನೇರಳೆ.
ಕಾಯಿ ಗೇಣುದ್ದವಾದ ಬೆಳಿಗ್ಗೆ
ಕೇರೆಹಾವನ್ನೂ ಹಿಡಿದಿತ್ತು.

ಅರ್ಧ ಆಚೆ, ಅರ್ಧ ಈಚೆ.
ಹೆಗ್ಗಣದ ಬೆನ್ನು ಹತ್ತಿ ಬಂದದ್ದು, ಅಂದರೆ
ನನ್ನ ಕಡೆಯದೇ.
ಗಣಬಾ ಗೋಣಿ ಹಾಕಿ ತಲೆ ಹಿಡಿದ.
ಮಗಳ ಹೊಲಿಗೆಯ ಕತ್ತರಿಯಲ್ಲಿ
ಬಲೆಯ ಕಣ್ಣು ಒಂದೊಂದೇ ಕತ್ತರಿಸಿದೆ,
ಪ್ರತಿ ಕಣ್ಣಿಗೂ ಸುತ್ತಿಕೊಂಡಿತ್ತು ಎಳೆಬಳ್ಳಿ.
ಕೊನೆಯದಕ್ಕೆ ಹಾವು ಹೋಯಿತು,
ತಿರುಗಿಯೂ ನೋಡದೆ.
ಚಪ್ಪರ ಬಿತ್ತು.

ಮಧ್ಯಾಹ್ನ ಬಿದ್ದ ರಾಶಿ ತಡಕಿದರೆ
ಹನ್ನೊಂದು ಕಾಯಿ.
ಐದು ಅವನಿಗೆ, ಐದು ನಮಗೆ.
ಬಲಿತದ್ದೊಂದನ್ನು
ಹಂಚಿನ ಸಂದಿಗೆ ಸಿಕ್ಕಿಸಿದ್ದೇನೆ, ಬೀಜಕ್ಕೆ.
ಒಣಗಲಿ.
ಈ ಸಲ ಕತ್ತದ ಹಗ್ಗ ಕಟ್ಟುತ್ತೇನೆ.