ನಿಂತಾಗ ತೆಗೀರಿ

ದುದ್ದ ಬಿಟ್ಟು ಎರಡು ಮೈಲಿ ಇರಬೇಕು,
ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು.
ಬೋರಲಿಂಗಣ್ಣ ಬ್ರೇಕು ತುಳಿದ.
ಯಾರಿಗೂ ಏನೂ ಆಗಲಿಲ್ಲ.
ಒಂದು ಟೊಮೆಟೊ ಬುಟ್ಟಿ ಉರುಳಿತು,
ಒಂದು ಮಗು ಅತ್ತಿತು,
ನನ್ನ ಕತ್ತು ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು, ಅಷ್ಟೆ.
ಟಿಕೆಟ್ ಮೆಷಿನ್ನಿನ ಪಟ್ಟಿ ಸರಿಮಾಡಿಕೊಂಡು
‘ಶಿವಳ್ಳಿ ಯಾರ್ರೀ, ಶಿವಳ್ಳೀ’ ಅಂದೆ.

ಎರಡು ತಿಂಗಳಾದ ಮೇಲೆ
ಅದೇ ಶಿವಳ್ಳಿ ಬಾಯಿಗೆ ಬರಲಿಲ್ಲ.
ಹದಿನಾಲ್ಕು ವರ್ಷ, ದಿನಕ್ಕೆ ಆರು ಸಲ ಕೂಗಿದ ಹೆಸರು.
ನಾಲಗೆಯಿತ್ತು, ಹಲ್ಲಿತ್ತು,
ಊರೂ ಕಿಟಕಿಯಾಚೆ ಹುಣಿಸೆಮರದ ಕೆಳಗೆ
ತನ್ನ ಪಾಡಿಗೆ ನಿಂತಿತ್ತು.
ಸೀಟಿ ಊದಿದೆ.
ಇಳಿಯುವವರು ಇಳಿದುಕೊಂಡರು.

ಆಮೇಲೆ ಎಡಗೈ.
ಐದರ ನಾಣ್ಯ ಯಾವುದು, ಹತ್ತರದ್ದು ಯಾವುದು
ಬೆರಳಿಗೆ ತಿಳಿಯದು, ಕಣ್ಣಿಟ್ಟು ನೋಡಬೇಕು.
ನೋಡಲು ಬಗ್ಗಿದರೆ
ಬಸ್ಸು ರಸ್ತೆ ಬಿಟ್ಟು ನಾಲೆಯ ನೀರ ಮೇಲೆ ಹೊರಟ ಹಾಗೆ.
ಅರ್ಧ ಮುಖಕ್ಕೆ ಮಾತ್ರ
ಸೀರೆಗೆ ಹಾಕುವ ಗಂಜಿ ಸವರಿ
ಯಾರೋ ಒಣಗಲು ಬಿಟ್ಟ ಹಾಗೆ.

ಮಂಡ್ಯದಲ್ಲಿ ಅಂದರು: ರಕ್ತ ಕಮ್ಮಿ, ಸೊಪ್ಪು ತಿನ್ನಿ.
ಇನ್ನೊಬ್ಬರು: ಮನೇಲಿ ಏನಾದ್ರೂ ತೊಂದ್ರೆನಾ ಅಮ್ಮಾ?
ಇರಲಿಲ್ಲ. ಕೇಳಿದ ಮೇಲೆ ಶುರುವಾಯಿತು.
ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು,
ಘಾಟು ಬರಲಿಲ್ಲ, ‘ನೋಡ್ದಾ, ಎಂಥಾ ಕಣ್ಣು’ ಅಂದರು.
ಡಿಪೋದವರು ನನ್ನೆದುರು ಏನೂ ಅನ್ನಲಿಲ್ಲ.
ಪಟ್ಟು ಹಾಕುವವನು ತಲೆ ಹಿಡಿದು ಲಟಕ್ಕನೆ ತಿರುಗಿಸಿದ;
ಮೂರು ದಿನ ಗೋಡೆ ಹಿಡಿದೇ ಬಚ್ಚಲಿಗೆ ಹೋದೆ.

ಮೈಸೂರಿನಲ್ಲಿ ಕೊಳವೆಯೊಳಗೆ ಮಲಗಿಸಿದರು.
ಸುತ್ತ ತಗಡು ಬಡಿಯುವ ಸದ್ದು.
ಹೊರಬಂದರೆ ದಪ್ಪ ಲಕೋಟೆ, ಒಳಗೆ ನನ್ನ ತಲೆ
ಹೂಕೋಸಿನ ಹಾಗೆ ಹೋಳು ಹೋಳು.
‘ಎಲ್ಲಾ ನಾರ್ಮಲ್. ಖುಷಿ ಪಡ್ರೀ.’
ಖುಷಿ ಪಡಲು ಆಟೋದಲ್ಲಿ ಕೂತೆ.
ಮೊದಲ ಗುಂಡಿಗೇ ಬಲಗಾಲು ನನ್ನದಲ್ಲವಾಯಿತು.

ತಲೆ ಎತ್ತಿ ಬಾಳು ಅಂದಿದ್ದರು ಅಪ್ಪ,
ತಲೆ ತಗ್ಗಿಸಿ ನಡಿ ಅಂದಿದ್ದಳು ಅವ್ವ.
ಎತ್ತುವುದಕ್ಕೂ ತಗ್ಗಿಸುವುದಕ್ಕೂ ನಡುವೆ
ಅದನ್ನು ಹಿಡಿದಿರುವುದು ಏನು ಅಂತ
ಇಬ್ಬರೂ ಹೇಳಲಿಲ್ಲ.

ಹಳೆಯ ವೇಬಿಲ್ಲಿನ ಹಿಂಬದಿಯಲ್ಲಿ ಬರೆಯತೊಡಗಿದೆ.
ಆರು ಹತ್ತಕ್ಕೆ ಹತ್ತಿದ್ದು: ಜುಮ್ಮು, ಎಡಗೈ.
ಆರು ನಲವತ್ತು: ಕಣ್ಣಲ್ಲಿ ಎರಡೆರಡು ಹೊಳಲು.
ಏಳೂಕಾಲು: ನುಂಗಲು ಕಷ್ಟ, ಕಾಫಿ ಮೂಗಿಗೆ.
ಟಿಕೆಟ್ಟಿಲ್ಲದೆ ಹತ್ತುವವರು,
ಎಲ್ಲಿ ಹತ್ತಿದರು, ಎಲ್ಲಿ ಇಳಿದರು,
ಕಂಡಕ್ಟರ್ ಅಲ್ಲವೇ, ಹಿಡಿಯದೆ ಬಿಡುತ್ತೇನೆಯೇ.
ಮೂವತ್ತೊಂದು ಹಾಳೆಯಾದ ಮೇಲೆ ಒಂದು ರಾತ್ರಿ ಕಂಡಿತು:
ಮಲಗಿದಾಗ ಯಾರೂ ಹತ್ತಿಲ್ಲ.

ಚಿತ್ರಗಳೆಲ್ಲ ಮಲಗಿಸಿ ತೆಗೆದವು.

‘ನಂದು ನಿಂತು ಮಾಡೋ ಕೆಲ್ಸ ಸಾ.
ನಿಂತಾಗ ತೆಗೀರಿ.’
ಐದನೆಯ ಡಾಕ್ಟರು, ಸಣ್ಣ ವಯಸ್ಸು,
ಫೋನು ಬೋರಲು ಹಾಕಿ ವೇಬಿಲ್ಲು ಓದಿದರು,
ಎರಡು ಸಲ.

ಎಕ್ಸ್‌ರೇ ಕೋಣೆಯ ಶಬೀನಾ
ತಣ್ಣನೆ ಬೆರಳಲ್ಲಿ ಗದ್ದ ಹಿಡಿದಳು.
‘ಬಗ್ಗಿ ಅಕ್ಕಾ. ಇನ್ನೊಂದ್ಚೂರು. ಉಸ್ರು ಹಿಡೀರಿ.
ಈಗ ಮೇಲೆ ನೋಡಿ.’
ಮೇಲೆ ಫ್ಯಾನಿತ್ತು, ಜೇಡರಬಲೆಯಿತ್ತು,
ಅವು ಎರಡೆರಡಾಗುವ ಮೊದಲು ‘ಆಯ್ತು’ ಅಂದಳು.

ಬಗ್ಗಿದ ಚಿತ್ರದಲ್ಲಿ, ತೀರಾ ಮೇಲಿನ ಎರಡು ಮೂಳೆಗಳ ನಡುವೆ
ಒಂದು ಕಪ್ಪು ಸಂದು.
ಎತ್ತಿದ ಚಿತ್ರದಲ್ಲಿ ಅದು ಇಲ್ಲ.
ಚಿಲಕ ಸವೆದ ಬಸ್ಸಿನ ಬಾಗಿಲು,
ತಿರುವಿನಲ್ಲಿ ತೆರೆದು ನೇರ ದಾರಿಯಲ್ಲಿ ಮುಚ್ಚಿಕೊಳ್ಳುವಂಥದ್ದು.
‘ಎಲ್ಲಾನೂ ಇದ್ರಿಂದಾನೇ ಅಂತ ಹೇಳಕಾಗಲ್ಲ,’ ಅಂದರು.
‘ಇರಬಹುದು.’

ಇರಬಹುದು.
ಒಂದು ವರ್ಷ ನಾಲ್ಕು ತಿಂಗಳಾದ ಮೇಲೆ
ಯಾರೋ ನನಗೆ ಕೂರಲು ಜಾಗ ಬಿಟ್ಟ ಹಾಗಿತ್ತು.

ಈಗ ಕಾಲರು ಹಾಕಿ ಪ್ರಯಾಣಿಕಳಾಗಿ ಹೋಗುತ್ತೇನೆ.
ಹೊಸ ಹುಡುಗ ‘ಎಲ್ಲಿಗಕ್ಕ’ ಅಂದರೆ
ತಲೆಯಾಡಿಸಿ ಮುಗಿಸುವಂತಿಲ್ಲ, ಬಾಯಿಬಿಟ್ಟೇ ಹೇಳಬೇಕು,
ಕೆಲವು ದಿನ ಬರುತ್ತದೆ ಹೆಸರು.
ಬೋರಲಿಂಗಣ್ಣ ಮಾತಾಡುವುದಿಲ್ಲ, ಅವನು ಮೊದಲಿಂದಲೂ ಹಾಗೆ.
ಹಂಪು ಕಂಡಾಗ ಮಾತ್ರ, ಕನ್ನಡಿ ನೋಡದೆ,
‘ಹಂಪೂ’ ಅಂತ ಒಂದು ಮಾರು ಮುಂಚೆಯೇ ಕೂಗುತ್ತಾನೆ.
ಇಡೀ ಬಸ್ಸು ಕತ್ತು ಹಿಡಿದುಕೊಳ್ಳುತ್ತದೆ.